ನಾನಿಟ್ಟ ಹೆಸರು

ಹಾಜರಿ ಕರೆಯುವಾಗ ಅವನು ಬಾಯಿ ಬಿಡುತ್ತಿರಲಿಲ್ಲ. ಕೈ ಎತ್ತುತ್ತಿದ್ದ. ಅದೂ ಪೂರ್ತಿ ಅಲ್ಲ. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತಿತ್ತು, ಬರೀ ಅಂಗೈ ಭುಜದ ತನಕ ಏಳುತ್ತಿತ್ತು. ಮೇಷ್ಟ್ರು ತಲೆ ಎತ್ತಿ ನೋಡಿದರೆ ಹಾಜರಿ ಸಿಗುತ್ತಿತ್ತು, ನೋಡದಿದ್ದರೆ ಇಲ್ಲ. ಒಂಬತ್ತನೇ ತರಗತಿಯ ಆ ವರ್ಷ ಶಾಲೆಗೆ ಬಂದೂ ಅವನು ಎಷ್ಟೋ ದಿನ ಗೈರುಹಾಜರಾಗಿದ್ದ.

ಕಾರಣ ನಾನು. ಅವನ ಧ್ವನಿ ಸಣ್ಣಗಿತ್ತು. ಅವನು ‘ಪ್ರೆಸೆಂಟ್ ಸರ್’ ಅಂದ ಕೂಡಲೇ ನಾನು ಹಿಂದಿನ ಬೆಂಚಿನಿಂದ ‘ಚಿಂವ್’ ಅನ್ನುತ್ತಿದ್ದೆ. ಮೊದಲ ದಿನ ಇಡೀ ಕ್ಲಾಸು ನಕ್ಕಿತು. ಮಾರನೇ ದಿನ ನಾನು ಬಾಯಿ ತೆರೆಯುವ ಮೊದಲೇ ನಕ್ಕಿತು. ಒಂದು ವಾರ ಕಳೆಯುವಷ್ಟರಲ್ಲಿ ಅವನಿಗೆ ಗುಬ್ಬಿ ಅಂತ ಹೆಸರು ಬಿದ್ದಿತ್ತು. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಇದಾಗಿ ಹದಿನಾರು ವರ್ಷ ಆಯಿತು. ಬುಲ್ಲಿಯಿಂಗ್, ಅಂದರೆ ಜೊತೆಯವರ ಇಂಥ ಕಾಟ ಅನುಭವಿಸಿದವರು ಬರೆದದ್ದನ್ನು ಸಾಕಷ್ಟು ಓದಿದ್ದೇನೆ. ಮಾಡಿದವರು ಬರೆದದ್ದು ಅಷ್ಟಾಗಿ ಕಣ್ಣಿಗೆ ಬಿದ್ದಿಲ್ಲ. ಬರೆಯಲು ಮುಖ ಇರುವುದಿಲ್ಲ, ಅದಕ್ಕೇ ಇರಬೇಕು. ಆದರೆ ಇವತ್ತೂ ಯಾವುದೋ ಕ್ಲಾಸಿನಲ್ಲಿ, ಯಾವುದೋ ಆಫೀಸಿನಲ್ಲಿ ನನ್ನಂಥವನೊಬ್ಬ ಇದನ್ನೆಲ್ಲ ನಿಲ್ಲಿಸಬೇಕು ಅಂತ ಮನಸ್ಸು ಮಾಡಿ, ಎಲ್ಲಿಂದ ಶುರು ಮಾಡಲಿ ಅಂತ ತಿಳಿಯದೆ ಕೂತಿರಬಹುದು. ಅವನಿಗೋಸ್ಕರ ಬರೆಯುತ್ತಿದ್ದೇನೆ.

ನಾನು ಹೊಡೆದದ್ದು ಕಡಿಮೆ. ಬ್ಯಾಗ್ ಬಚ್ಚಿಡುವುದು, ಕಂಪಾಸ್ ಬಾಕ್ಸನ್ನು ಕಾಲಡಿ ಹಾಕಿ ತುಳಿಯುವುದು, ಅವನ ನೀರಿನ ಬಾಟಲಿ ಚೆಲ್ಲುವುದು, ಆಟಕ್ಕೆ ತಂಡ ಮಾಡುವಾಗ ಎಲ್ಲರನ್ನೂ ಕರೆದು ಅವನೊಬ್ಬನನ್ನು ಬಿಡುವುದು. ಒಂದು ಸಲ ಲೈಬ್ರರಿ ಪುಸ್ತಕದ ಹಾಳೆಗಳನ್ನು ನಾನೇ ಹರಿದು ಅವನ ಬ್ಯಾಗಿನಲ್ಲಿ ತುರುಕಿದೆ. ದಂಡ ಅವನು ಕಟ್ಟಿದ. ಇಷ್ಟನ್ನೆಲ್ಲ ಬರೆಯುವಾಗ ಈಗಲೂ ಕೈ ನಿಧಾನವಾಗುತ್ತದೆ.

ವಿಷಯ ಹೊರಬಿದ್ದದ್ದು ಅವನಿಂದ ಅಲ್ಲ. ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕಮ್ಮಿ ಇದೆ ಅಂತ ಶಾಲೆಯಿಂದ ಮನೆಗೆ ಹೇಳಿ ಕಳಿಸಿದರು. ಮಗ ಒಂದು ದಿನವೂ ತಪ್ಪಿಸಿಲ್ಲವಲ್ಲ ಅಂತ ಅವರಮ್ಮ ವಿಚಾರಿಸಲು ಬಂದರು. ಕೇಳುತ್ತಾ ಹೋದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಎಲ್ಲ ಹೇಳಿಬಿಟ್ಟಳು.

ಹೆಡ್‌ಮಾಸ್ಟರ್ ಕೋಣೆಗೆ ನನ್ನನ್ನು ಕರೆಸಿದಾಗ ಅವರಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ನಜ್ಜುಗುಜ್ಜಾದ, ಮುಚ್ಚಳ ಕೂರದ ಕಂಪಾಸ್ ಬಾಕ್ಸ್‌ಗಳು. ಮೂರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

‘ವಸ್ತು ಹಾಳು ಮಾಡ್ಕೊಂಡು ಬರ್ತಾನೆ ಅಂತ ನಾನೇ ಇವನಿಗೆ ಹೊಡೆದಿದ್ದೀನಪ್ಪಾ’ ಅಂದರು. ‘ಮೂರು ಸಲ ಹೊಡೆದಿದ್ದೀನಿ.’

ಅದನ್ನು ಕೇಳಿ ಆ ಕ್ಷಣವೇ ನನ್ನ ಕಣ್ಣು ತೆರೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅಪ್ಪನಿಗೆ ಗೊತ್ತಾಗುತ್ತಲ್ಲ ಅನ್ನುವುದೊಂದೇ ಅವತ್ತಿನ ಭಯ. ಆ ಮೂರರ ಲೆಕ್ಕ ಒಳಗೆ ಇಳಿಯಲು ತಿಂಗಳುಗಳೇ ಬೇಕಾದವು.

ಒಂದು ವಾರ ಸಸ್ಪೆಂಡ್ ಮಾಡಿದರು. ವಾಪಸ್ ಬಂದ ದಿನ ಇಡೀ ಕ್ಲಾಸಿನ ಮುಂದೆ ಅವನನ್ನೂ ನನ್ನನ್ನೂ ಎದುರುಬದುರು ನಿಲ್ಲಿಸಿ ಸಾರಿ ಕೇಳಿಸಿದರು. ನಾನು ‘ಸಾರಿ’ ಅಂದೆ. ‘ಕೈ ಕುಲುಕು’ ಅಂದರು. ಅವನ ಕೈ ಒದ್ದೆಯಾಗಿತ್ತು. ಹಿಂದಿನಿಂದ ಯಾರೋ ‘ಚಿಂವ್’ ಅಂದರು. ಎಲ್ಲರೂ ನಕ್ಕರು. ಅವನು ಕತ್ತು ಬಗ್ಗಿಸಿದ. ಅವತ್ತು ನಾನು ಏನೂ ಮಾಡಿರಲಿಲ್ಲ, ಆದರೂ ಅವನಿಗೆ ಅದು ಮಿಕ್ಕೆಲ್ಲ ದಿನಗಳಿಗಿಂತ ಕೆಟ್ಟ ದಿನ. ದೊಡ್ಡವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿಸುತ್ತಾರೆ. ದಯವಿಟ್ಟು ಮಾಡಿಸಬೇಡಿ. ಕಾಡಿದವನನ್ನೂ ಕಾಡಿಸಿಕೊಂಡವನನ್ನೂ ಎದುರಿಗೆ ನಿಲ್ಲಿಸಿ ರಾಜಿ ಮಾಡಿಸಲು ಅದು ಇಬ್ಬರ ಜಗಳವಲ್ಲ.

ಈ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾದದ್ದು ಎಷ್ಟೋ ವರ್ಷದ ನಂತರ, ಡಾನ್ ಓಲ್ವೇಯಸ್ ಬಗ್ಗೆ ಓದಿದಾಗ. ನಾರ್ವೆಯಲ್ಲಿ ಕೆಲಸ ಮಾಡಿದ ಈ ಮನಶ್ಶಾಸ್ತ್ರಜ್ಞ 1970ರ ದಶಕದಿಂದಲೇ ಶಾಲಾಮಕ್ಕಳ ನಡುವಿನ ಈ ಕಾಟವನ್ನು ಅಭ್ಯಾಸ ಮಾಡಿದವರು. ಅವರು ಮೂರು ಗುರುತು ಹೇಳಿದರು. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಎದುರಿಗಿರುವವನು ತಿರುಗಿ ನಿಲ್ಲಲಾರದ ಸ್ಥಿತಿಯಲ್ಲಿರುವುದು. ಮೂರನೆಯದೇ ಮುಖ್ಯ. ಅವನಿಗೂ ನನಗೂ ಯಾವತ್ತೂ ಜಗಳ ಆಗಿಯೇ ಇರಲಿಲ್ಲ. ಜಗಳವಾಡಲು ಅವನಿಗೆ ಅವಕಾಶವೇ ಇರಲಿಲ್ಲ.

ಓಲ್ವೇಯಸ್ ಹೇಳಿದ ಇನ್ನೊಂದು ಮಾತನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಯಿತು. ಇಂಥ ಹುಡುಗರು ಒಳಗೊಳಗೇ ಅಂಜುಬುರುಕರು, ಕೀಳರಿಮೆಯವರು ಅಂತ ಜನ ನಂಬುತ್ತಾರಲ್ಲ, ಅವರ ಅಧ್ಯಯನದಲ್ಲಿ ಅದು ಕಾಣಲಿಲ್ಲ. ನನ್ನ ವಿಷಯದಲ್ಲೂ ಹಾಗೇ. ಮನೆಯಲ್ಲಿ ಏನಾದರೂ ತೊಂದರೆ ಇದೆಯಾ ಅಂತ ಎಲ್ಲರೂ ಕೇಳಿದರು. ಇರಲಿಲ್ಲ. ಯಾರೂ ನನಗೆ ಹೊಡೆಯುತ್ತಿರಲಿಲ್ಲ. ನನಗೆ ಆ ನಗು ಬೇಕಿತ್ತು, ಅಷ್ಟೇ. ಮೂವತ್ತು ಜನ ಒಟ್ಟಿಗೆ ನನ್ನ ಮಾತಿಗೆ ನಗುತ್ತಿದ್ದರು. ಆ ನಗು ಸಿಗುತ್ತಿದ್ದಷ್ಟು ದಿನ ಅವನ ಮುಖ ನನಗೆ ಕಾಣುತ್ತಲೇ ಇರಲಿಲ್ಲ.

ಶಾಲೆಗೆ ವಾರಕ್ಕೆ ಎರಡು ದಿನ ಒಬ್ಬರು ಕೌನ್ಸೆಲರ್ ಮೇಡಂ ಬರುತ್ತಿದ್ದರು. ನನ್ನನ್ನು ಅವರ ಹತ್ತಿರ ಕಳಿಸಿದರು. ಅವರು ಬುದ್ಧಿಮಾತು ಹೇಳಲಿಲ್ಲ. ಒಂದು ಹಾಳೆ ಕೊಟ್ಟು ‘ಏನೇನು ಮಾಡಿದೆ ಅಂತ ಬರಿ’ ಅಂದರು. ನಾನು ಎರಡು ಪುಟ ಬರೆದೆ. ಅವರು ಓದಿ, ಕೆಂಪು ಪೆನ್ನು ನನ್ನ ಕೈಗೇ ಕೊಟ್ಟರು.

‘ಇದರಲ್ಲಿ ತಮಾಷೆ, ಸುಮ್ನೆ, ಎಲ್ಲರೂ, ಅವನೂ — ಈ ನಾಲ್ಕು ಪದ ಇರೋ ಸಾಲುಗಳನ್ನೆಲ್ಲ ಹೊಡೆದು ಹಾಕು.’

‘ತಮಾಷೆಗೆ ಬ್ಯಾಗ್ ಬಚ್ಚಿಟ್ಟೆ.’ ಹೊಡೆದೆ. ‘ಎಲ್ಲರೂ ಹಾಗೇ ಕರೀತಿದ್ರು.’ ಹೊಡೆದೆ. ‘ಅವನೂ ಒಂದು ಸಲ ನಕ್ಕಿದ್ದ.’ ಹೊಡೆದೆ. ಎರಡು ಪುಟದಲ್ಲಿ ಕೊನೆಗೆ ಉಳಿದದ್ದು ಐದು ಸಾಲು. ಐದೂ ‘ನಾನು’ ಅಂತಲೇ ಶುರುವಾಗುತ್ತಿದ್ದವು. ಅದನ್ನು ಗಟ್ಟಿಯಾಗಿ ಓದಲು ಹೇಳಿದರು. ನಾಲ್ಕನೇ ಸಾಲಿಗೆ ನನ್ನ ಗಂಟಲು ಕಟ್ಟಿತು. ಲೈಬ್ರರಿ ಪುಸ್ತಕದ ಸಾಲು ಅದು.

ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ತಪ್ಪು ಅಂತ ಗೊತ್ತಿರುವ ಕೆಲಸವನ್ನೇ ಮನುಷ್ಯ ಹೇಗೆ ನೆಮ್ಮದಿಯಾಗಿ ಮಾಡುತ್ತಾನೆ ಅನ್ನುವುದು ಅವರ ಪ್ರಶ್ನೆ. ಕೆಲಸಕ್ಕೆ ಒಂದು ಹಗುರವಾದ ಹೆಸರಿಡುತ್ತಾನೆ. ಹೊಣೆಯನ್ನು ಗುಂಪಿಗೆ ಹಂಚುತ್ತಾನೆ. ನೋವನ್ನು ಸಣ್ಣದು ಮಾಡಿ ನೋಡುತ್ತಾನೆ. ಕೊನೆಗೆ ನೊಂದವನ ಮೇಲೇ ತಪ್ಪು ಹೊರಿಸುತ್ತಾನೆ. ನಾನು ಹೊಡೆದು ಹಾಕಿದ ಸಾಲುಗಳಲ್ಲಿ ಇವಷ್ಟೂ ಇದ್ದವು. ಹದಿನಾಲ್ಕು ವರ್ಷದ ಹುಡುಗನಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ತಾನಾಗೇ ಬಂದಿತ್ತು.

ಆ ಹಾಳೆ ಓದಿದ ಮೇಲೆ ನಾನು ಇನ್ನೊಂದು ಗುಂಡಿಗೆ ಬಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬದಲಾಗಲು ಹೊರಟ ತುಂಬಾ ಜನ ಇಲ್ಲೇ ನಿಂತುಬಿಡುತ್ತಾರೆ. ‘ನಾನು ಕೆಟ್ಟವನು, ನನ್ನಂಥವನು ಇರಲೇಬಾರದು’ ಅಂತ ಮೂರು ವಾರ ಮಂಕಾಗಿ ಕೂತೆ. ಯಾರ ಜೊತೆಗೂ ಮಾತಿಲ್ಲ. ಅಮ್ಮ ಹೆದರಿ ನನ್ನ ತಲೆ ಸವರುತ್ತಿದ್ದರು. ನನಗೂ ಒಳಗೊಳಗೆ ಅದೇ ಬೇಕಿತ್ತು. ಮೇಡಂ ಅದನ್ನು ಒಂದೇ ನೋಟಕ್ಕೆ ಹಿಡಿದರು.

‘ನಾನು ಕೆಟ್ಟವನು ಅಂದ್ರೆ ಕಥೆ ಮುಗೀತು, ಆಮೇಲೆ ಮಾಡೋಕೆ ಏನೂ ಇಲ್ಲ. ನಾನು ಕೆಟ್ಟ ಕೆಲಸ ಮಾಡಿದೆ ಅಂದ್ರೆ ನಾಳೆ ಬೆಳಗ್ಗೆಯಿಂದ ನಿನಗೆ ಕೆಲಸ ಇದೆ. ಯಾವುದು ಬೇಕು ನೋಡ್ಕೋ’ ಅಂದರು.

ಜೂನ್ ಟ್ಯಾಂಗ್ನಿ ಅನ್ನುವ ಸಂಶೋಧಕಿ ತಮ್ಮ ಬದುಕಿನ ಬಹುಪಾಲು ಇದನ್ನೇ ಅಧ್ಯಯನ ಮಾಡಿದ್ದಾರೆ ಅಂತ ಆಮೇಲೆ ತಿಳಿಯಿತು. ತಾನೇ ಕೆಟ್ಟವನು ಅಂತ ನಾಚಿಕೆ ಪಡುವವನು ಅಡಗಿಕೊಳ್ಳಲು, ಇಲ್ಲವೇ ಬೇರೆಯವರ ಮೇಲೆ ಹರಿಹಾಯಲು ನೋಡುತ್ತಾನೆ. ತಾನು ಮಾಡಿದ ಒಂದು ಕೆಲಸದ ಬಗ್ಗೆ ಪಶ್ಚಾತ್ತಾಪ ಪಡುವವನು ಅದನ್ನು ಸರಿಪಡಿಸಲು ನೋಡುತ್ತಾನೆ. ನಾನು ಆ ಮೂರು ವಾರ ಅಡಗಿಕೊಂಡಿದ್ದೆ.

ಮೊದಲ ಕೆಲಸ ಸುಲಭ ಅಂದುಕೊಂಡಿದ್ದೆ. ಗುಬ್ಬಿ ಅನ್ನುವುದನ್ನು ನಿಲ್ಲಿಸುವುದು. ನಿಲ್ಲಿಸಿದೆ. ಹದಿನೈದು ದಿನ ಆದ ಮೇಲೆ ಮೈದಾನದಲ್ಲಿ ನಿಂತಿದ್ದೆ. ಆರನೇ ಕ್ಲಾಸಿನ ಒಬ್ಬ ಚಿಕ್ಕ ಹುಡುಗ ಓಡಿಬಂದು ‘ಗುಬ್ಬಿ ಅಣ್ಣಾ, ಬಾಲ್ ಕೊಡಿ’ ಅಂತ ಅವನನ್ನು ಕರೆದ. ಆ ಮಗುವಿಗೆ ಕೆಟ್ಟ ಮನಸ್ಸಿರಲಿಲ್ಲ. ಅವನು ಅದನ್ನೇ ಹೆಸರು ಅಂದುಕೊಂಡಿದ್ದ. ಅಣ್ಣ ಅಂತ ಮರ್ಯಾದೆಯನ್ನೂ ಸೇರಿಸಿದ್ದ. ಬಾಲ್ ಎತ್ತಿಕೊಟ್ಟ ಇವನ ಮುಖದಲ್ಲಿ ಏನೂ ಇರಲಿಲ್ಲ, ಅದು ರೂಢಿಯಾಗಿಬಿಟ್ಟಿತ್ತು. ಪಿ.ಟಿ. ಸರ್ ಕೂಡ ‘ಏ ಗುಬ್ಬಿ, ಲೈನಲ್ಲಿ ನಿಂತ್ಕೋ’ ಅನ್ನುತ್ತಿದ್ದರು.

ನನ್ನ ಹೊಟ್ಟೆಯಲ್ಲಿ ಕಲ್ಲು ಇಳಿದಂತಾಯಿತು. ನಾನು ನಿಲ್ಲಿಸಿದರೆ ನಿಲ್ಲುತ್ತದೆ ಅಂತ ನಂಬಿದ್ದೆ. ನಾನಿಟ್ಟ ಹೆಸರು ನನ್ನ ಹಂಗಿಲ್ಲದೆ ಶಾಲೆ ತುಂಬ ಓಡಾಡುತ್ತಿತ್ತು. ನಾನು ಸುಮ್ಮನಾಗಿ ಒಳ್ಳೆಯವನಾದರೂ ಅವನಿಗೆ ಅದರಿಂದ ಸಿಗುವುದು ಏನೂ ಇರಲಿಲ್ಲ.

ಆ ದಿನದಿಂದ ಶುರುವಾದದ್ದೇ ನಿಜವಾದ ಕೆಲಸ. ಯಾರಾದರೂ ಹಾಗೆ ಕರೆದದ್ದು ಕಿವಿಗೆ ಬಿದ್ದರೆ ಸಂಜೆಯೊಳಗೆ ಅವರ ಹತ್ತಿರ ಹೋಗುತ್ತಿದ್ದೆ. ಅವನು ಇಲ್ಲದ ಜಾಗದಲ್ಲಿ. ‘ಅದು ಅವನ ಹೆಸರಲ್ಲ. ಅವನನ್ನ ಅಳಿಸೋಕೆ ಅಂತ ನಾನು ಇಟ್ಟಿದ್ದು. ಅವನ ಹೆಸರು ಇದು’ ಅಂತ ಹೇಳುತ್ತಿದ್ದೆ. ಮೊದಲ ಸಲ ಹೇಳುವಾಗ ಕಾಲು ನಡುಗಿತು. ಆರನೇ ಕ್ಲಾಸಿನ ಹುಡುಗ ಕಣ್ಣು ಬಿಟ್ಟುಕೊಂಡು ನೋಡಿ ‘ಹೌದಾ ಅಣ್ಣಾ? ನಂಗೆ ಗೊತ್ತಿರ್ಲಿಲ್ಲ’ ಅಂದ. ಮಾರನೇ ದಿನದಿಂದಲೇ ನಿಲ್ಲಿಸಿದ. ಪಿ.ಟಿ. ಸರ್‌ಗೆ ಹೇಳಲು ಹತ್ತು ದಿನ ಧೈರ್ಯ ಸಾಲಲಿಲ್ಲ. ಹೇಳಿದಾಗ ಅವರು ಸೀಟಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೆಲ ನೋಡಿದರು. ‘ನಾನು ಪ್ರೀತಿಯಿಂದ ಕರೀತಿದ್ದೆ ಕಣೋ’ ಅಂದರು. ಆಮೇಲೆ ಯಾವತ್ತೂ ಕರೆಯಲಿಲ್ಲ.

ಕಷ್ಟವಾದದ್ದು ನನ್ನ ಗೆಳೆಯರ ಜೊತೆ. ಹಿಂದಿನ ಬೆಂಚಿನ ನಾಲ್ವರು. ‘ದೊಡ್ಡ ಮನುಷ್ಯ ಆಗ್ಬಿಟ್ಯಾ’ ಅಂದರು. ನಾನು ಹೇಳಿದಷ್ಟೂ ಜಾಸ್ತಿ ಕರೆದರು, ಈ ಸಲ ನನ್ನನ್ನು ಕೆರಳಿಸಲು. ಅಂದರೆ ನನ್ನ ಒಳ್ಳೆಯತನದ ದಂಡವನ್ನೂ ಅವನೇ ಕಟ್ಟುತ್ತಿದ್ದ. ಮೇಡಂಗೆ ಹೇಳಿದೆ. ‘ಅವರ ಜೊತೆ ವಾದ ಮಾಡ್ಬೇಡ. ನಗೋದು ಮಾತ್ರ ಬಿಡು. ಯಾರು ನಗ್ತಾ ಇಲ್ಲವೋ ಅವರ ಪಕ್ಕ ಹೋಗಿ ಕೂತ್ಕೋ’ ಅಂದರು.

ಇದರ ಹಿಂದೆಯೂ ಗಟ್ಟಿಯಾದ ತಿಳುವಳಿಕೆ ಇದೆ. ಫಿನ್‌ಲ್ಯಾಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಾಸಿನ ಬಹುತೇಕ ಮಕ್ಕಳಿಗೆ ಇದರಲ್ಲಿ ಒಂದಲ್ಲ ಒಂದು ಪಾತ್ರ ಇರುತ್ತದೆ ಅಂತ ತೋರಿಸಿದರು. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ನೊಂದವನ ಪರ ನಿಲ್ಲುವವರು. ಕೆನಡಾದಲ್ಲಿ ಮಕ್ಕಳು ಆಡುವಾಗ ವಿಡಿಯೊ ತೆಗೆದು ಮಾಡಿದ ಅಧ್ಯಯನವೊಂದು 2001ರಲ್ಲಿ ಬಂತು. ಜೊತೆಯ ಮಗುವೊಂದು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ 10 ಸೆಕೆಂಡಿನೊಳಗೆ ನಿಂತುಹೋಗಿತ್ತು. ಹತ್ತು ಸೆಕೆಂಡು! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಮೊದಲ ದಿನವೇ ‘ಸಾಕು ಬಿಡೋ’ ಅಂದಿದ್ದರೆ ನಾನು ನಿಲ್ಲಿಸುತ್ತಿದ್ದೆ ಅಂತ ನನಗೆ ಗೊತ್ತು. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿರುವವರು ಇದನ್ನು ಓದುತ್ತಿದ್ದರೆ ನಿಮ್ಮ ಒಂದು ಮಾತಿಗೆ ಎಷ್ಟು ಬಲ ಇದೆ ಅಂತ ನಿಮಗೆ ತಿಳಿಯಲಿ ಅಂತ ಹೇಳುತ್ತಿದ್ದೇನೆ.

ನಾನು ಬೆಂಚು ಬದಲಿಸಿದೆ. ನಡುವಿನ ಸಾಲಿಗೆ ಬಂದೆ. ನನ್ನ ಪಕ್ಕ ಕೂರಲು ಯಾರಿಗೂ ಇಷ್ಟ ಇರಲಿಲ್ಲ. ಅರ್ಧ ವರ್ಷ ಒಂಟಿಯಾಗೇ ಕೂತೆ.

ಮೂರನೇ ತಿಂಗಳಲ್ಲಿ ಎಡವಿದೆ. ಹೊಸದಾಗಿ ಸೇರಿದ ಒಬ್ಬ ಹುಡುಗ ಓದುವಾಗ ತೊದಲಿದ. ನನ್ನ ಬಾಯಿಂದ ಅದರ ಅಣಕು ಹೊರಬಿತ್ತು. ಯೋಚನೆ ಮಾಡಿ ಅಂದದ್ದಲ್ಲ. ಕ್ಲಾಸು ನಕ್ಕಿತು. ಮೈಯೆಲ್ಲ ಬೆಚ್ಚಗಾಯಿತು, ಆ ಹಳೆಯ ಖುಷಿ. ಆಮೇಲೆ ಮುಂದಿನ ಬೆಂಚಿನ ಆ ಹುಡುಗಿ ತಿರುಗಿ ನೋಡಿದಳು. ಸಿಟ್ಟಿನಿಂದ ಅಲ್ಲ. ಇಷ್ಟೇ ಅಂತ ನನಗೆ ಗೊತ್ತಿತ್ತು ಅನ್ನುವಂತೆ ನೋಡಿದಳು. ಅದೇ ಕ್ಲಾಸಿನಲ್ಲಿ ಮೂರನೇ ಸಾಲಿನಲ್ಲಿ ಅವನೂ ಕೂತಿದ್ದ. ಅವನು ತಿರುಗಲಿಲ್ಲ. ಅವನ ಭುಜ ಮಾತ್ರ ಕಿವಿಯ ಹತ್ತಿರಕ್ಕೆ ಏರಿತು.

ಪಿರಿಯಡ್ ಮುಗಿದ ಕೂಡಲೇ ಆ ಹೊಸ ಹುಡುಗನ ಹತ್ತಿರ ಹೋದೆ. ‘ನಿನ್ನ ಅಣಕಿಸಿದ್ದು ತಪ್ಪು. ಇನ್ನು ಮಾಡಲ್ಲ’ ಅಂದೆ. ಎರಡೇ ಮಾತು. ‘ಬೇಜಾರಾಯ್ತಾ, ಕ್ಷಮಿಸಿದ್ಯಾ’ ಅಂತೆಲ್ಲ ಕೇಳಲಿಲ್ಲ. ಕ್ಷಮೆ ಕೇಳುವವನು ಉತ್ತರವನ್ನೂ ಕೇಳಿದರೆ ಅದು ಇನ್ನೊಂದು ಒತ್ತಾಯ ಅಂತ ಮೇಡಂ ಹೇಳಿಕೊಟ್ಟಿದ್ದರು. ಅವತ್ತೇ ಮೇಡಂಗೂ ಹೇಳಿದೆ. ಅವರು ಗದರಲಿಲ್ಲ. ನಗು ಬರುವುದಕ್ಕೆ ಒಂದು ಕ್ಷಣ ಮೊದಲು ಮೈಯಲ್ಲಿ ಏನಾಗುತ್ತದೆ ಅಂತ ಕೇಳಿದರು. ಯೋಚಿಸಿ ಹೇಳಿದೆ. ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ. ‘ಬೆನ್ನು ನೆಟ್ಟಗಾದ್ರೆ ಸಾಕು, ಬೆಂಚಿಗೆ ಒರಗಿಬಿಡು’ ಅಂದರು. ಇಷ್ಟು ಚಿಕ್ಕ ಉಪಾಯ ನನಗೆ ಮಿಕ್ಕೆಲ್ಲದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಇವತ್ತಿಗೂ ಮೀಟಿಂಗಿನಲ್ಲಿ ಯಾರಾದರೂ ತಡವರಿಸಿದಾಗ ಕುರ್ಚಿಗೆ ಒರಗುತ್ತೇನೆ.

ಮನೆಯಲ್ಲೂ ಒಬ್ಬಳ ನಂಬಿಕೆ ಕಳೆದುಕೊಂಡಿದ್ದೆ. ತಂಗಿ ಅದೇ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದಳು. ವಿಷಯ ಗೊತ್ತಾದ ಮೇಲೆ ನನ್ನ ಜೊತೆ ಶಾಲೆಗೆ ನಡೆದು ಬರುವುದನ್ನು ಬಿಟ್ಟಳು. ಒಂದು ರಾತ್ರಿ ಹೋಂವರ್ಕ್ ಮಾಡುತ್ತಾ ತಲೆ ಎತ್ತದೆ ಅಂದಳು, ‘ಅಣ್ಣಾ, ನಿನ್ನಂಥೋನು ನನ್ನ ಕ್ಲಾಸಲ್ಲೂ ಒಬ್ಬ ಇದ್ದಾನೆ. ನನ್ನ ಜಡೆ ಎಳೀತಾನೆ.’ ನಾನು ಹೋಗಿ ಅವನಿಗೆ ಹೇಳಲಾ ಅಂದೆ. ‘ಬೇಡ, ನೀನು ಬೇಡ’ ಅಂದಳು. ಆ ಎರಡು ‘ಬೇಡ’ಗಳು ಹೆಡ್‌ಮಾಸ್ಟರ್ ಕೊಟ್ಟ ಶಿಕ್ಷೆಗಿಂತ ಭಾರವಾಗಿದ್ದವು. ನಾನು ಅಮ್ಮನಿಗೆ ಹೇಳಿದೆ, ಅಮ್ಮ ಅವಳ ಟೀಚರ್ ಹತ್ತಿರ ಮಾತಾಡಿದರು.

ಇನ್ನು ಅವನ ವಿಷಯ. ಒಂದು ಉದ್ದದ ಪತ್ರ ಬರೆದಿದ್ದೆ. ಅವರಮ್ಮನಿಗೆ ಏನು ಹೇಳಬೇಕು, ಅವನಿಗೆ ಏನು ಹೇಳಬೇಕು ಎಲ್ಲ ಅದರಲ್ಲಿತ್ತು. ಕೊಡಬೇಕು ಅಂತ ಮೇಡಂ ಹತ್ತಿರ ತಂದೆ. ‘ಇದನ್ನ ಕೊಟ್ರೆ ಯಾರ ಮನಸ್ಸು ಹಗುರ ಆಗತ್ತೆ?’ ಅಂದರು. ನನ್ನದೇ ಅಂತ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನಿಗೆ ಬೇಕಾ ಅಂತ ಅವರೇ ಕೇಳಿಕೊಂಡು ಬಂದರು. ಬೇಡ ಅಂದನಂತೆ. ನನ್ನ ಮುಖವನ್ನೂ ನೋಡಲು ಇಷ್ಟ ಇಲ್ಲ ಅಂದನಂತೆ. ಆ ಪತ್ರ ನನ್ನ ಹತ್ತಿರವೇ ಉಳಿಯಿತು. ನಿರಾಸೆಯಾಯಿತು, ಸ್ವಲ್ಪ ಸಿಟ್ಟೂ ಬಂತು. ಇಷ್ಟೆಲ್ಲ ಮಾಡುತ್ತಿದ್ದೇನಲ್ಲ ಅನ್ನುವ ಸಿಟ್ಟು. ಆ ಸಿಟ್ಟನ್ನು ನೋಡಿ ನಾನೇ ಬೆಚ್ಚಿದೆ. ಕ್ಷಮೆ ನನಗೆ ಸಲ್ಲಬೇಕಾದ ಸಂಬಳ ಅಂದುಕೊಂಡುಬಿಟ್ಟಿದ್ದೆ.

ಹಾಗಂತ ಸುಮ್ಮನೆ ಕೂರುವಂತಿರಲಿಲ್ಲ. ಅವನ ದಾರಿಗೆ ಅಡ್ಡ ಬರದಂತೆ ನಡೆದುಕೊಳ್ಳುವುದನ್ನು ಕಲಿತೆ. ಅವನು ಮೆಟ್ಟಿಲಲ್ಲಿ ಬರುತ್ತಿದ್ದರೆ ನಾನು ಆ ಕಡೆಯ ಮೆಟ್ಟಿಲು ಹಿಡಿಯುತ್ತಿದ್ದೆ. ನಲ್ಲಿಯ ಹತ್ತಿರ ಅವನಿದ್ದರೆ ಆಮೇಲೆ ಹೋಗುತ್ತಿದ್ದೆ. ಅಪ್ಪನ ಹತ್ತಿರ ಕಾಸು ಕೇಳದೆ, ಕೂಡಿಟ್ಟದ್ದರಲ್ಲೇ ಮೂರು ಕಂಪಾಸ್ ಬಾಕ್ಸ್ ತಂದು ಮೇಡಂ ಕೈಗೆ ಕೊಟ್ಟೆ. ಅವರಮ್ಮ ಒಂದನ್ನು ಮಾತ್ರ ಇಟ್ಟುಕೊಂಡು ಎರಡನ್ನು ವಾಪಸ್ ಕಳಿಸಿದರು.

ಪರೀಕ್ಷೆ ಮುಗಿದು ಹತ್ತನೇ ಕ್ಲಾಸು ಶುರುವಾಯಿತು. ಒಂದು ದಿನ ಮೇಡಂ ಕರೆದರು. ‘ಅವನು ಒಂದು ಕೇಳಿದ್ದಾನೆ. ಸಾರಿ ಅಲ್ಲ’ ಅಂದರು. ‘ಆ ಪುಸ್ತಕ ಹರಿದಿದ್ದು ತಾನಲ್ಲ ಅಂತ ಲೈಬ್ರರಿಯಲ್ಲಿ ಹೇಳ್ಬೇಕಂತೆ.’

ನನಗೆ ಆ ಪುಸ್ತಕದ್ದು ಮುಗಿದ ಕಥೆಯಾಗಿತ್ತು. ಅವನಿಗೆ ಮುಗಿದಿರಲಿಲ್ಲ. ಆ ದಿನದಿಂದ ಅವನಿಗೆ ಪುಸ್ತಕ ಮನೆಗೆ ಕೊಡುವುದನ್ನೇ ನಿಲ್ಲಿಸಿದ್ದರು. ಒಂದು ವರ್ಷ ಅವನು ಓದುವ ಕೋಣೆಯಲ್ಲೇ ಕೂತು ಓದಿದ್ದ. ನನಗೆ ಇದು ಗೊತ್ತೇ ಇರಲಿಲ್ಲ.

ಅವತ್ತೇ ಹೋದೆ. ಲೈಬ್ರರಿ ಮೇಡಂ ಮೇಜಿನ ಮುಂದೆ ನಿಂತು ಹೇಳಿದೆ. ತಮಾಷೆ, ಸುಮ್ನೆ, ಎಲ್ಲರೂ — ಯಾವುದನ್ನೂ ಸೇರಿಸಲಿಲ್ಲ. ಅವರು ಏನೂ ಅನ್ನಲಿಲ್ಲ. ಹಿಂದಿನ ವರ್ಷದ ದಪ್ಪ ರಿಜಿಸ್ಟರ್ ಇಳಿಸಿ, ಧೂಳು ಒರೆಸಿ, ಅವನ ಪುಟ ತೆಗೆದರು. ಕೆಂಪು ಶಾಯಿಯಲ್ಲಿ ‘ಹಾಳು ಮಾಡಿದ್ದಾನೆ, ಪುಸ್ತಕ ಕೊಡಬಾರದು’ ಅಂತ ಬರೆದಿತ್ತು. ಅದರ ಮೇಲೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದರು. ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದರು. ಆಮೇಲೆ ನನ್ನ ಪುಟ ತೆಗೆದು, ಪೆನ್ನು ಬದಲಿಸದೆ, ಅದೇ ಮಾತನ್ನು ನನ್ನ ಹೆಸರಿನ ಕೆಳಗೆ ಬರೆದರು. ನಾನು ನೋಡುತ್ತಾ ನಿಂತೆ. ಕಟ್ಟಿದ ದಂಡ ಅವನಿಗೆ ವಾಪಸ್ ಸಿಗಬೇಕು, ನಾನು ಕಟ್ಟುತ್ತೇನೆ ಅಂದೆ. ಹಾಗೇ ಆಯಿತು.

1974ರಲ್ಲಿ ಕೆನಡಾದ ಎಲ್ಮೈರಾ ಅನ್ನುವ ಊರಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಆಸ್ತಿ ಹಾಳು ಮಾಡಿದ್ದರು. ಅವರನ್ನು ಬರೀ ಶಿಕ್ಷಿಸಿ ಬಿಡುವ ಬದಲು, ನಷ್ಟವಾದವರ ಮನೆಮನೆಗೂ ಕಳಿಸಿ, ಮುಖ ನೋಡಿ ಮಾತಾಡಿಸಿ, ನಷ್ಟ ತುಂಬಿಸಿಕೊಟ್ಟರು. ತಪ್ಪು ಮಾಡಿದವನಿಗೆ ಏನು ಶಿಕ್ಷೆ ಅಂತ ಕೇಳುವ ಮೊದಲು ನೊಂದವರಿಗೆ ಏನು ಬೇಕು ಅಂತ ಕೇಳುವ ಈ ದಾರಿ ಆಮೇಲೆ ಬೇರೆ ಬೇರೆ ದೇಶಗಳ ಶಾಲೆಗಳಿಗೂ ಬಂತು. ಇದನ್ನು ಓದುವಾಗ ನನಗೆ ಆ ರಿಜಿಸ್ಟರಿನ ಗೆರೆಯೇ ನೆನಪಾಯಿತು. ನಾನು ಮೂರು ಪುಟದ ಪತ್ರ ಬರೆದು ಕೂತಿದ್ದೆ. ಅವನಿಗೆ ಬೇಕಾದದ್ದು ಸ್ಕೇಲಿಟ್ಟು ಎಳೆದ ಆ ಒಂದು ಗೆರೆ.

ಟೀಚರುಗಳ ನಂಬಿಕೆ ಬೇಗ ಬರಲಿಲ್ಲ, ಅದು ಸರಿಯೂ ಹೌದು. ಕ್ಲಾಸಿನಲ್ಲಿ ಯಾರದ್ದೇ ಪೆನ್ನು ಕಾಣೆಯಾಗಲಿ, ಮೊದಲು ನನ್ನ ಬ್ಯಾಗ್ ತೆಗೆಸುತ್ತಿದ್ದರು. ಒಂದು ಸಲ ಎಲ್ಲರ ಮುಂದೆ ಪುಸ್ತಕ, ಟವೆಲ್, ಬಾಟಲಿ ಎಲ್ಲ ಮೇಜಿನ ಮೇಲೆ ಸುರಿಸಿದರು. ಕಾಣೆಯಾದ ವಸ್ತು ಕಿಟಕಿಯಲ್ಲಿತ್ತು. ಮನೆಗೆ ಬಂದು ಕೂಗಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ‘ಅವನ ಬ್ಯಾಗ್ ನೀನು ಎಷ್ಟು ಸಲ ಸುರಿದಿದ್ದೀಯ?’ ಅಂದರು. ಲೆಕ್ಕ ಹಾಕಲು ಆಗಲಿಲ್ಲ. ‘ಅಷ್ಟು ಸಲ ಆಗೋವರೆಗೂ ಕೇಳಿದಾಗ ತೆಗೆದು ತೋರಿಸು’ ಅಂದರು. ಅಪ್ಪ ಹೆಚ್ಚು ಮಾತಾಡುವವರಲ್ಲ. ಆ ಸಂಜೆಯ ಅವರ ಮಾತು ನನ್ನ ಬೆನ್ನು ಕಾದಿದೆ.

ಆಮೇಲಾಮೇಲೆ ಯಾರೂ ಕೇಳದಂತಾಯಿತು. ಯಾವ ದಿನ ಅಂತ ನೆನಪಿಲ್ಲ. ತಂಗಿ ಮತ್ತೆ ಜೊತೆಯಲ್ಲಿ ನಡೆದು ಬರತೊಡಗಿದಳು, ಮೊದಲು ಹತ್ತು ಹೆಜ್ಜೆ ಹಿಂದೆ, ಆಮೇಲೆ ಪಕ್ಕಕ್ಕೆ. ತೊದಲುವ ಹುಡುಗ ಒಂದು ದಿನ ನನ್ನ ಬೆಂಚಿನಲ್ಲಿ ಬಂದು ಕೂತ. ಅವನು ಯಾಕೆ ಬಂದ ಅಂತ ನಾನು ಕೇಳಲಿಲ್ಲ. ಹಿಂದಿನ ಬೆಂಚಿನ ನಾಲ್ವರಲ್ಲಿ ಮೂವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಅವನು ಹಾಜರಿಗೆ ಮತ್ತೆ ಬಾಯಿ ಬಿಟ್ಟನೇ ಅಂತ ಕೇಳಬಹುದು. ಇಲ್ಲ. ಹತ್ತನೇ ಕ್ಲಾಸು ಮುಗಿಯುವ ತನಕ ಕೈಯನ್ನೇ ಎತ್ತಿದ. ಮೊಣಕೈ ಮಾತ್ರ ಪಕ್ಕೆ ಬಿಟ್ಟು ಸ್ವಲ್ಪ ಮೇಲೆ ಬಂದಿತ್ತು.

ಕೊನೆಯ ತಿಂಗಳು. ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಅವನು ಬಂದ. ಬೇರೆ ಬೆಂಚುಗಳೆಲ್ಲ ತುಂಬಿದ್ದವು. ಆ ತುದಿಯಲ್ಲಿ ಬ್ಯಾಗ್ ಇಟ್ಟ. ಒಂದು ಕ್ಷಣ ನಿಂತ. ನನ್ನ ಕಡೆ ನೋಡಲಿಲ್ಲ. ಆಮೇಲೆ ಬ್ಯಾಗನ್ನು ಅಲ್ಲೇ ಬಿಟ್ಟು ನೀರು ಕುಡಿಯಲು ನಲ್ಲಿಯ ಕಡೆಗೆ ನಡೆದ. ಅರ್ಧ ದಾರಿಯಲ್ಲಿ ಒಂದು ಸಲ ತಿರುಗಿ ನೋಡಿದ. ನಾನು ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡು, ಅವನಿಗೆ ಕಾಣುವ ಹಾಗೆ, ಅಲುಗಾಡದೆ ಕೂತೆ.

ಅವನು ವಾಪಸ್ ಬಂದು, ಬ್ಯಾಗಿನ ಜಿಪ್ ಎಳೆದು ತೆಗೆದ. ಒಂದೊಂದೇ ಪುಸ್ತಕ ಮುಟ್ಟಿ ನೋಡಿದ. ಕಂಪಾಸ್ ಬಾಕ್ಸ್ ತೆಗೆದು, ಮುಚ್ಚಳ ತೆರೆದು ಮುಚ್ಚಿದ. ಎಲ್ಲ ಇತ್ತು. ಜಿಪ್ ಎಳೆದು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟ.